ಅಜ್ಜಿಯ ಬೆನ್ನಿಗೆ ಖೋ

ಆಟದ ಮೇಲಿನ ನನ್ನ ಪ್ರೀತಿ ತತ್ತ್ವದಿಂದ ಹುಟ್ಟಿದ್ದಲ್ಲ. ಅರ್ಜಿಯೊಂದು ಮಂಜೂರಾಗಿಬಿಟ್ಟ ಗಾಬರಿಯಿಂದ ಹುಟ್ಟಿದ್ದು. ಹೆಣ್ಣುಮಕ್ಕಳಿಗೂ ಬಯಲು ಬೇಕು, ಬೆವರು ಬೇಕು ಎಂದು ನಾನು ಪುಣೆಯ ಸಭೆಗಳಲ್ಲಿ ಮಾಡುವ ಭಾಷಣ ಕೇಳಿದವರು, ಈಕೆ ತೊಟ್ಟಿಲಿನಿಂದಲೇ ಓಡುತ್ತ ಇಳಿದವಳೆಂದು ತಿಳಿಯುತ್ತಾರೆ. ಆ ತಪ್ಪು ತಿಳಿವಳಿಕೆಯನ್ನು ಇಷ್ಟು ದಿನ ತಿದ್ದದೆ ಅನುಭವಿಸಿದ್ದು ನನ್ನ ಅಪರಾಧ. ಮಿಕ್ಕವರ ಅಪರಾಧಗಳನ್ನು ಹೆಸರಿಟ್ಟು ಕರೆಯುವ ನಾನು ಇದೊಂದನ್ನು ಮುಚ್ಚಿಡುವುದು ನ್ಯಾಯವಲ್ಲ.

ಹದಿನೈದು ವರ್ಷಗಳ ಹಿಂದೆ, ನನಗೆ ಹದಿಮೂರಾಗಿದ್ದಾಗ, ಶಾಲೆಯ ಮುಖ್ಯಾಧ್ಯಾಪಕರಿಗೆ ಒಂದು ಅರ್ಜಿ ಬರೆದೆ. ಗಂಡುಹುಡುಗರಿಗೆ ಬಯಲು, ನಮಗೆ ಪಡಸಾಲೆ. ಅವರಿಗೆ ಚೆಂಡು, ನಮಗೆ ಸೂಜಿ. ಅವರು ಬಿದ್ದರೆ ಶೌರ್ಯ, ನಾವು ಓಡಿದರೆ ಅವಿನಯ. ಹೀಗೆ ಏಳು ಅನ್ಯಾಯಗಳಿಗೆ ಅಂಕಿ ಹಾಕಿದ್ದೆ. ಅರ್ಜಿ ತಿರಸ್ಕೃತವಾಗುವುದೆಂದು ನನಗೆ ಎಷ್ಟು ಭರವಸೆಯಿತ್ತೆಂದರೆ, ಆ ತಿರಸ್ಕಾರವನ್ನೇ ಎಂಟನೆಯ ಅನ್ಯಾಯವಾಗಿ ಸೇರಿಸಲು ನನ್ನ ಬಳಿಯ ಪ್ರತಿಯಲ್ಲಿ ಜಾಗ ಬಿಟ್ಟುಕೊಂಡಿದ್ದೆ. ಮುಖ್ಯಾಧ್ಯಾಪಕರು ಒಪ್ಪಿಬಿಟ್ಟರು. ಒಂದು ತಿಂಗಳ ಅಭ್ಯಾಸ. ವಾರ್ಷಿಕ ಸಮ್ಮೇಳನದ ದಿನ ಪಾಲಕರ ಎದುರಿಗೆ ಹುಡುಗಿಯರ ಎರಡು ತಂಡಗಳ ಖೋ ಖೋ. ಪಾಲಕರಲ್ಲಿ ಒಬ್ಬರೇ ಒಬ್ಬರು ಆಕ್ಷೇಪವೆತ್ತಿದರೂ ಬಯಲು ಮತ್ತೆ ಗಂಡುಹುಡುಗರಿಗೆ. ಅರ್ಜಿ ಬರೆದವಳಂತೂ ಆಡಲೇಬೇಕು.

ಅರ್ಜಿ ಬರೆದವಳು ಅಲ್ಲಿಯವರೆಗೆ ಮಳೆ ಬಂದರೂ ಓಡಿದವಳಲ್ಲ. ನನ್ನೊಬ್ಬಳ ಪೆದ್ದುತನದಿಂದ ಇಡೀ ಶಾಲೆಯ ಹುಡುಗಿಯರು ಬಯಲನ್ನು ಕಳೆದುಕೊಳ್ಳುವರೆಂಬ ಭಯ ನನ್ನನ್ನು ಹಿಡಿಯಿತು.

ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನರು. ಪುಣೆಯ ಸದಾಶಿವ ಪೇಠೆಯ ಎರಡಂತಸ್ತಿನ ವಾಡೆಯೊಂದರ ಕೆಳಭಾಗದಲ್ಲಿ ನಮ್ಮ ಬಿಡಾರ. ಸಂಗತಿ ಕೇಳಿ ಅಪ್ಪ ಬೈಯಲಿಲ್ಲ. "ಬರದೀಯಲ್ಲ, ಈಗ ಓಡು" ಎಂದು ನಕ್ಕು, ಸಂಜೆ ಕಚೇರಿಯ ಕೋಟು ಕಳಚಿ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಪಕ್ಕದಲ್ಲಿ, ಎದುರು ದಿಕ್ಕಿಗೆ ಮುಖಮಾಡಿ ಅವ್ವ; ಆಚೆ ಕಾಕಾನ ಹೆಂಡತಿ ಕಾಕು. ತಪ್ಪಿಸಿಕೊಂಡು ಓಡುವವನು ಅಪ್ಪನ ತಮ್ಮ ಕಾಕಾ, ಬೆನ್ನಟ್ಟುವವಳು ನಾನು. ಈ ಆಟದ ನಿಯಮಗಳು ಎರಡೇ ಎನ್ನಬಹುದು: ಬೆನ್ನಟ್ಟುವವಳು ಕೂತವರ ಸಾಲನ್ನು ನಡುವೆ ಸೀಳಿ ದಾಟಬಾರದು, ಬೇಕಾದಾಗ ಕೂತವರೊಬ್ಬರ ಬೆನ್ನು ಮುಟ್ಟಿ "ಖೋ" ಎಂದರೆ, ಅವರೆದ್ದು ಬೆನ್ನಟ್ಟಬೇಕು, ಇವಳು ಅವರ ಜಾಗದಲ್ಲಿ ಕೂಡಬೇಕು.

ಸಂಜೆಯ ಜಪಕ್ಕೆ ಮಡಿಯುಟ್ಟು ಬಾವಿಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ ಕೂಗಿದಳು: "ಏ ಹುಡುಗಿ, ಅವನ ಕಾಲು ಏನ್ ನೋಡ್ತೀ? ಭುಜಾ ನೋಡು, ಎತ್ತ ಹೊಳ್ಳತಾನ ಅಂತ ಗೊತ್ತಾಗ್ತದ!"

ಒಂಬತ್ತನೆಯ ವಯಸ್ಸಿಗೆ ಮದುವೆ ಮಾಡಿ ಕಳಿಸುವವರೆಗೆ ಆಕೆಯನ್ನು ಕೇರಿಯಲ್ಲಿ ಯಾರೂ ಹಿಡಿದಿರಲಿಲ್ಲವಂತೆ. ಇದು ನಮಗೆ ತಿಳಿದಿರಲಿಲ್ಲ, ಏಕೆಂದರೆ ನಾವು ಕೇಳಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಆಕೆಯನ್ನು ಮೂಲೆಗೆ ಕೂಡಿಸಿದ್ದೆವು. ಅಂದು ಆಕೆ ಜಪಮಾಲೆಯನ್ನು ಗೂಡಿನಲ್ಲಿಟ್ಟು, ಸೊಂಟ ಹಿಡಿದುಕೊಂಡು ಬಂದು ಸಾಲಿನಲ್ಲಿ ಕೂತಳು.

"ಅವ್ವಾ, ನೀ ಮಡಿಯೊಳಗಿದ್ದೀ! ನಿನ್ನ ಹ್ಯಾಂಗ ಮುಟ್ಟೂದು?" ಎಂದ ಕಾಕಾ.

"ಮುಟ್ಟಲಾರದ ಖೋ ಹ್ಯಾಂಗ ಕೊಡ್ತೀರಪಾ, ಟಪಾಲಿನಾಗ? ಮೈಲಿಗಿ ಆದ್ರ ಇನ್ನೊಮ್ಮೆ ನೀರು ಹಾಕ್ಕೋತೀನಿ. ನೀ ಓಡು ಮೊದ್ಲ!"

ನಾನು ಅಂಜುತ್ತ ಆಕೆಯ ಬೆನ್ನು ಮುಟ್ಟಿದೆ. ಅಜ್ಜಿ ಎದ್ದ ಬಗೆಯನ್ನು ಏನೆಂದು ಹೇಳಲಿ! ನಾಲ್ಕೇ ಹೆಜ್ಜೆ; ಕಾಕಾ ಕಂಬಕ್ಕೆ ಹಾಯ್ದು ಸಿಕ್ಕಿಬಿದ್ದ. ಆಕೆಯ ಜಾಗದಲ್ಲಿ ಕೂತು ಸಾಲನ್ನು ನೋಡಿದೆ. ನಮ್ಮ ಮನೆಯಲ್ಲಿ ಗಂಡಸರ ಊಟ ಮೊದಲು, ಹೆಂಗಸರದು ಅನಂತರ, ಅಜ್ಜಿಯದು ಒಂದೇ ಹೊತ್ತು, ಅದೂ ಒಬ್ಬಳೇ. ಎಲ್ಲರೂ ಒಂದೇ ಸಾಲಿನಲ್ಲಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಶಾಲೆಯ ಏಳು ಅನ್ಯಾಯಗಳನ್ನು ಎಣಿಸಿದ ಜಾಣೆಗೆ ದಿನವೂ ತಾನೇ ಬಡಿಸಿದ ಈ ಅನ್ಯಾಯ ಕಂಡಿರಲಿಲ್ಲ. ನಾಚಿಕೆಯಾಯಿತು. ಆದರೆ ಕಾಕಾ ಮತ್ತೆ ಓಡತೊಡಗಿ, ಅಜ್ಜಿ ನನ್ನ ಬೆನ್ನಿಗೆ ಗುದ್ದಿ "ಖೋ" ಎಂದದ್ದರಿಂದ ನಾಚಿಕೆಪಡಲು ಪುರಸತ್ತಿರಲಿಲ್ಲ; ಎದ್ದು ಓಡಿದೆ. ನನ್ನ ಕಾಲುಗಳು ನನ್ನವೇ ಎಂದು ಆ ಸಂಜೆ ಗೊತ್ತಾಯಿತು. ಮರುದಿನ ಅಪ್ಪ ಕಚೇರಿಯಿಂದ ಬರುವುದನ್ನೇ ಬಾಗಿಲಲ್ಲಿ ಕಾಯುತ್ತಿದ್ದೆ.

ನಮ್ಮ ಈ ಉದ್ಯೋಗಕ್ಕೆ ಒಬ್ಬ ಪ್ರೇಕ್ಷಕರಿದ್ದರು: ಮೇಲಂತಸ್ತಿನಲ್ಲಿದ್ದ ಬೆಳಗಾವಿಯ ಕಡೆಯ ವಕೀಲರು. ಅವರ ಮಗಳು ನನ್ನ ಶಾಲೆಯವಳೇ, ಎದುರು ತಂಡದಲ್ಲಿದ್ದವಳು. ದಿನವೂ ಮೊಗಸಾಲೆಯ ಕಟಾಂಜನಕ್ಕೆ ಒರಗಿ, ಹುಬ್ಬು ಗಂಟಿಕ್ಕಿಕೊಂಡು ಕೆಳಗೆ ನೋಡುವರು.

"ಏನ್ರಿ ರಾಯರ, ಮನಿಮಂದಿನೆಲ್ಲಾ ಕುಕ್ಕರುಗಾಲಿಲೆ ಕೂಡ್ಸೀರಿ. ಏನ್ ಹರಕೀನ್ರಿ ಇದು?"

"ಹೌದ್ರಿ ವಕೀಲರ, ಮಗಳು ಓಡ್ಲಿ ಅಂತ ಹರಕಿ" ಎಂದರು ಅಪ್ಪ.

ವಕೀಲರು ನಗಲಿಲ್ಲ. ಆಕ್ಷೇಪ ಬಂದರೆ ಈ ಮೊಗಸಾಲೆಯಿಂದಲೇ ಎಂದು ನನಗೆ ಖಾತ್ರಿಯಾಯಿತು.

ಸಮ್ಮೇಳನದ ದಿನ ಬಂತು. ಮಂಗಳ ಸಮಾರಂಭಕ್ಕೆ ವಿಧವೆ ಬರಬಾರದೆಂಬ ಕಟ್ಟಳೆಯಿಂದ ಅಜ್ಜಿ ಮನೆಯಲ್ಲೇ ಉಳಿದಳು. ಆ ಕಟ್ಟಳೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆಟ ಸಮಸಮವಾಗಿ ಸಾಗಿತು. ಕೊನೆಯ ಗಳಿಗೆಯಲ್ಲಿ ವಕೀಲರ ಮಗಳು ತಪ್ಪಿಸಿಕೊಳ್ಳುತ್ತಿದ್ದಳು. ನಾನು ಹಾರಿ ಅವಳ ಹೆಗಲು ಮುಟ್ಟಿದೆ. ತೀರ್ಪು ಕೊಡುವ ಪಂಚರ ಸೀಟಿ ಮೊಳಗಿತು. ಗೆದ್ದೆವು.

ಅಷ್ಟರಲ್ಲಿ ವಕೀಲರು ಎದ್ದು ನಿಂತು, ಪಗಡಿ ಸರಿಪಡಿಸಿಕೊಂಡು, ತಮ್ಮದೊಂದು ಆಕ್ಷೇಪವಿದೆಯೆಂದು ಶುದ್ಧ ಮರಾಠಿಯಲ್ಲಿ ಸಾರಿದರು. ಮುಖ್ಯಾಧ್ಯಾಪಕರ ಮುಖ ಬಿಳುಪೇರಿತು. ಮುಗಿಯಿತು ಎಂದುಕೊಂಡೆ.

ಈ ಹುಡುಗಿ ಮೂರನೆಯವಳ ಮತ್ತು ನಾಲ್ಕನೆಯವಳ ನಡುವಿನಿಂದ ಸಾಲನ್ನು ಸೀಳಿ ದಾಟಿದ್ದಾಳೆ, ಇದು ತಾವು ಕಣ್ಣಾರೆ ಕಂಡದ್ದು, ಆದ್ದರಿಂದ ತಮ್ಮ ಮಗಳು ಔಟಾಗಿಲ್ಲ ಎಂಬುದು ಅವರ ಆಕ್ಷೇಪ!

ಪಂಚರು ಕಂಡಿರಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. "ದಾಟಿದ್ದು ನಿಜ" ಎಂದೆ. ನಾವು ಸೋತೆವು. ಬೇರೆ ಆಕ್ಷೇಪವೇನಾದರೂ ಉಂಟೇ ಎಂದು ಮುಖ್ಯಾಧ್ಯಾಪಕರು ಅಳುಕುತ್ತ ಕೇಳಿದರೆ, ಇಷ್ಟು ಸಾಲದೇ ಎಂದು ವಕೀಲರು ಸಿಡುಕಿ ಕೂತರು. ಬಯಲು ನಮಗೇ ಉಳಿಯಿತು.

ಮನೆಯಲ್ಲಿ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. "ದಾಟಿದ್ಯಾ?"

"ದಾಟಿದೆ, ಅಜ್ಜಿ."

"ಹಂಗಾರ ವಕೀಲರಂದದ್ದು ಖರೇ ಅದ. ಕೈಕಾಲು ತೊಳಕೋ ನಡಿ."

ಎಷ್ಟೋ ದಿನಗಳ ಬಳಿಕ ನನ್ನ ಉಸಿರು ಸರಾಗವಾಯಿತು. ಹುಡುಗಿಯರು ಓಡುವುದನ್ನು ವಿನೋದವೆಂದು ಬಗೆಯುವವರು ಚಪ್ಪಾಳೆ ತಟ್ಟಿ ಮರೆಯುತ್ತಾರೆ. ಅದನ್ನು ಆಟವೆಂದು ಒಪ್ಪಿದವರು ಮಾತ್ರ ನಿಯಮಕ್ಕಾಗಿ ಜಗಳಕ್ಕೆ ನಿಲ್ಲುತ್ತಾರೆ. ಈಗಲೂ ಸಂಜೆ ಆ ಬಯಲಿನ ಪಕ್ಕದಲ್ಲಿ ಹಾಯುವಾಗ ಹುಡುಗಿಯರ ಗದ್ದಲ ಕಿವಿಗೆ ಬೀಳುತ್ತದೆ. ಯಾರು ಮೊದಲು ಮುಟ್ಟಿದರು, ಯಾರು ಸುಳ್ಳು ಹೇಳಿದರು ಎಂದು ಒಬ್ಬರ ಮೇಲೊಬ್ಬರು ಹರಿಹಾಯುತ್ತಿರುತ್ತಾರೆ. ಬಿಡಿಸಲು ಹೋಗುವುದಿಲ್ಲ, ನಿಂತು ಕೇಳುತ್ತೇನೆ.