ಅನುಮಾನದ ಹುಡುಗಿ ಆರಿಸಿಕೊಂಡ ಐದನೇ ವಾರ್ಡು

ಬೆಳಗಿನ ಆರೂಕಾಲು. ಹನ್ನೊಂದನೇ ಮಂಚದ ಪಕ್ಕ ನಿಂತ ನರ್ಸ್ ಗಡಿಯಾರ ನೋಡುತ್ತಾ ಡ್ರಿಪ್ಪಿನ ಹನಿ ಎಣಿಸುತ್ತಿದ್ದಾಳೆ. ಹಿಂದಿನ ಪಾಳಿಯವರು ಎಣಿಸಿ, ಬರೆದು, ಸಹಿ ಹಾಕಿಯೇ ಹೋಗಿದ್ದಾರೆ. ಆದರೂ ಇವಳಿಗೆ ನಂಬಿಕೆಯಿಲ್ಲ. ಬಾಟಲಿಯ ಚೀಟಿ ಓದುತ್ತಾಳೆ, ರೋಗಿಯ ಕೈಪಟ್ಟಿ ಓದುತ್ತಾಳೆ, ಅದೂ ಸಾಲದೆಂದು "ನಿಮ್ಮ ಹೆಸರು ಹೇಳಿ ಅಜ್ಜಾ" ಎನ್ನುತ್ತಾಳೆ.

"ನಿನ್ನೇನೂ ಇದೇ ಹೆಸರಿತ್ತಲ್ಲಮ್ಮಾ," ಎನ್ನುತ್ತಾರೆ ಮಂಚದ ಮೇಲಿನ ನಿವೃತ್ತ ಮೇಷ್ಟ್ರು. "ನೀನು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು."

ವಾರ್ಡಿನವರೆಲ್ಲ ಅವಳನ್ನು ಕರೆಯುವುದೇ ಪತ್ತೇದಾರಿ ಎಂದು. ವಯಸ್ಸು ಇಪ್ಪತ್ತೆರಡು, ಕೆಲಸಕ್ಕೆ ಸೇರಿ ಎಂಟು ತಿಂಗಳು. ಇಪ್ಪತ್ತೆಂಟು ಮಂಚಕ್ಕೆ ಪಾಳಿಗೆ ಇಬ್ಬರೇ ನರ್ಸುಗಳು. ಕೂರಲು ಇರುವುದು ಒಂದು ಸ್ಟೂಲು, ಅದರ ಮೇಲೆ ಹತ್ತಿಯ ಡಬ್ಬ ಕೂತಿದೆ.

ಅನುಮಾನ ಹುಟ್ಟುಗುಣ ಎನ್ನುತ್ತಾರೆ ಸಮವಸ್ತ್ರದ ಕಾರ್ಖಾನೆಯಲ್ಲಿ ಹೊಲಿಗೆ ಮಾಡುವ ಅವಳ ಅಮ್ಮ. "ಹಾಲು ಕೊಟ್ರೆ ಮೂಸಿ ನೋಡೋಳು. ಹೆತ್ತ ತಾಯಿ ನಾನು, ನನ್ನನ್ನೂ ನಂಬ್ತಿರ್ಲಿಲ್ಲ!" ಅದು ಗಟ್ಟಿಯಾದದ್ದು ಹತ್ತನೇ ತರಗತಿಯಲ್ಲಿ. ಆಸ್ಪತ್ರೆ ಸೇರಿದ್ದ ಅಪ್ಪನಿಗೆ ಪಕ್ಕದ ಮಂಚದವನ ಇಂಜೆಕ್ಷನ್ ನಾಲ್ಕು ದಿನ ಬಿತ್ತು. ಜೀವ ಉಳಿಯಿತು, ಕಿವಿ ಹೋಯಿತು. ಕೇಳಿದವರಿಗೆಲ್ಲ ಸಿಕ್ಕ ಉತ್ತರ ಒಂದೇ: "ಪಟ್ಟೀಲಿ ಎಲ್ಲಾ ಸರಿಯಾಗೇ ಇತ್ತಲ್ಲ."

ಓದು ಮುಗಿಸಿ ಈ ಆಸ್ಪತ್ರೆಗೆ ಬಂದಾಗ ಮೇಲ್ವಿಚಾರಕಿ ಒಂದು ಫಾರಂ ಕೈಗಿತ್ತರು. ಒಂದು ವಾರ ವಾರ್ಡುಗಳನ್ನೆಲ್ಲ ನೋಡಿ, ಶನಿವಾರ ಒಂದರ ಹೆಸರು ಬರೆಯಬೇಕು. ಬರೆದರೆ ಎರಡು ವರ್ಷ ಅಲ್ಲೇ. ಮೊದಲ ವಾರ್ಡಿನಲ್ಲಿ ಕಲಿತ ಚಾಳಿ ನಿವೃತ್ತಿಯವರೆಗೂ ಬಿಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪನ ಕಿವಿ ಕಳೆದವರಂಥವಳು ತಾನೂ ಆಗಿಬಿಟ್ಟರೆ ಎಂಬ ಭಯ ವಾರವಿಡೀ ಕಾಡಿತು.

ಎಲ್ಲರೂ ಬೊಟ್ಟು ಮಾಡಿದ್ದು ಹೊಸ ಕಟ್ಟಡದ ಆಪರೇಷನ್ ವಾರ್ಡಿನ ಕಡೆಗೆ. ಎಸಿ, ಹೊಳೆಯುವ ನೆಲ, ಹೋದ ತಕ್ಷಣ ಕುರ್ಚಿ. "ಬಾ ಪುಟ್ಟಾ, ನಿನ್ನಂಥೋಳೇ ಬೇಕಾಗಿತ್ತು" ಎಂದರು ಅಲ್ಲಿನ ಹಿರಿಯ ಸಿಸ್ಟರ್. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡ ಪತ್ತೇದಾರಿ, ಮಾರನೆಯ ದಿನ ಹೇಳದೆ ಕೇಳದೆ ಬೆಳಗ್ಗೆ ಐದೂಮುಕ್ಕಾಲಿಗೇ ಹಾಜರಾದಳು. ಆರು ಗಂಟೆಗೆ ಬರೆಯಬೇಕಿದ್ದ ಜ್ವರದ ಪಟ್ಟಿ ಆಗಲೇ ತುಂಬಿತ್ತು. ಹದಿನಾರೂ ಜನಕ್ಕೆ ಒಂದೇ ಅಂಕಿ, ತೊಂಬತ್ತೆಂಟು ಪಾಯಿಂಟ್ ಆರು. ಏಳನೇ ಮಂಚದ ಹೆಂಗಸಿನ ಹಣೆ ಮುಟ್ಟಿದರೆ ಸುಡುತ್ತಿತ್ತು. ಅಳೆದರೆ ನೂರಾ ಎರಡು. ಓಡಿಹೋಗಿ ಡಾಕ್ಟರಿಗೆ ತಿಳಿಸಿದಳು. ಹಿರಿಯ ಸಿಸ್ಟರ್ ಮಾತ್ರ ನಕ್ಕು, "ಪಟ್ಟಿ ತಿದ್ದಿದ್ರಾಯ್ತು ಬಿಡು" ಎಂದರಂತೆ.

"ಬೈದಿದ್ರೆ ಅಲ್ಲೇ ಸೇರ್ತಿದ್ನೇನೋ," ಎನ್ನುತ್ತಾಳೆ. "ನಕ್ರಲ್ಲ, ಅದಕ್ಕೇ ಹೆದರಿಕೆ ಆಯ್ತು."

ಐದನೇ ವಾರ್ಡಿನ ಮುಖ್ಯಸ್ಥೆಗೆ ಆಸ್ಪತ್ರೆಯಿಡೀ ಇಟ್ಟ ಹೆಸರು ಸಿಡಿಮಿಡಿ ಸಿಸ್ಟರ್. "ಇಲ್ಲಿಗೆ ಬರ್ಬೇಡ. ಕಾಲು ಊದ್ಕೊಳ್ಳುತ್ತೆ" ಎಂದು ಬಾಗಿಲಲ್ಲೇ ತಡೆದರು. ಇವರು ಏನು ಮುಚ್ಚಿಡುತ್ತಿದ್ದಾರೋ ಎಂದು ಹುಡುಗಿಗೆ ಗುಮಾನಿ. ಪಾಳಿ ಬದಲಾಗುವ ಹೊತ್ತಿಗೆ ಔಷಧದ ಟ್ರಾಲಿಯ ಹಿಂದೆ ಹೋಗಿ ನಿಂತಳು. ಬೇರೆಡೆ ಮೇಜಿನ ಸುತ್ತ ಗುಸುಗುಸು ಎಂದು ಮುಗಿಯುವ, ರೋಗಿಗಳ ವಿವರ ಮುಂದಿನ ಪಾಳಿಗೆ ಒಪ್ಪಿಸುವ ಕೆಲಸ ಇಲ್ಲಿ ಮಂಚದಿಂದ ಮಂಚಕ್ಕೆ, ರೋಗಿಗೂ ಕೇಳುವಂತೆ ನಡೆಯುತ್ತದೆ. ಮೊದಲು ಹೇಳಬೇಕಾದ್ದು ಮಾಡಿದ ತಪ್ಪು. ಅಂದು ಸಿಡಿಮಿಡಿ ಸಿಸ್ಟರೇ ಒಬ್ಬ ಮುದುಕಿಯ ಮುಂದೆ ನಿಂತು, "ಅಮ್ಮಾ, ಎಂಟು ಗಂಟೆ ಮಾತ್ರೆ ಹತ್ತಕ್ಕೆ ಕೊಟ್ಟೆ. ಮರ್ತಿದ್ದೆ. ಡಾಕ್ಟ್ರಿಗೆ ಹೇಳಿದೀನಿ" ಎಂದರು.

ನೋಡುವವರಿದ್ದಾರೆಂದು ಆಡಿದ ನಾಟಕವೇ? ಆ ಅನುಮಾನವೂ ಬಂತು. ಮತ್ತೆರಡು ದಿನ ಕದ್ದು ನೋಡಿದಳು. ಶನಿವಾರ ಫಾರಂ ತುಂಬಿದಳು. ಎಸಿ ಬಿಟ್ಟು ಬಂದಳೆಂದು ಅಮ್ಮ ಎರಡು ದಿನ ಮಾತು ಬಿಟ್ಟರು.

ಕಳೆದ ವಾರ ಅವಳ ಸರದಿಯೂ ಬಂತು. ಅವಳೇ ಹಾಕಿದ್ದ ಮೇಷ್ಟ್ರ ಡ್ರಿಪ್ಪು ನಿಮಿಷಕ್ಕೆ ಇಪ್ಪತ್ತು ಹನಿಯ ಬದಲು ನಲವತ್ತಕ್ಕೆ ನಿಂತಿತ್ತು. ಹತ್ತೇ ನಿಮಿಷದಲ್ಲಿ ಅವಳೇ ಕಂಡು ಸರಿಮಾಡಿದಳು, ಡಾಕ್ಟರನ್ನೂ ಕರೆದಳು. ತೊಂದರೆಯೇನೂ ಆಗಿರಲಿಲ್ಲ. ಮೇಷ್ಟ್ರು ನಿದ್ದೆಯಲ್ಲಿದ್ದರು, ಅವರಿಗೆ ಗೊತ್ತಾಗುತ್ತಲೂ ಇರಲಿಲ್ಲ. ಪಾಳಿ ಒಪ್ಪಿಸುವಾಗ ಅವರೆದುರೇ ಹೇಳಿದಳು. ಸಿಡಿಮಿಡಿ ಸಿಸ್ಟರ್ ಸಿಡುಕಲಿಲ್ಲ, "ಬರಿ" ಎಂದಷ್ಟೇ ಹೇಳಿ ವಾರ್ಡಿನ ಪುಸ್ತಕ ಮುಂದೆ ಹಿಡಿದರು. ಮೇಷ್ಟ್ರು ಡ್ರಿಪ್ಪಿಲ್ಲದ ಕೈ ಚಾಚಿದರು. "ಹೋಗೋ ಮುಂಚೆ ಈ ಸೂಜಿ ನೀನೇ ಚುಚ್ಚು."

ಮುಂದೇನು ಆಸೆ ಎಂದು ಕೇಳಿದರೆ ಪತ್ತೇದಾರಿಯ ಉತ್ತರ ಇದು:

"ನಾನು ಬರೆದಿದ್ದನ್ನ ಯಾರೂ ಸುಮ್ನೆ ನಂಬಬಾರ್ದು. ಎದ್ದು ಬಂದು ಅಳೆದು ನೋಡ್ಬೇಕು. ನೋಡಿದಾಗ ಅದು ಸರಿಯಾಗಿರ್ಬೇಕು, ಅಷ್ಟೇ."