ನಾರಾಯಣಮ್ಮನ ಕೆಚ್ಚಿನ ಸುರುಳಿ

ಸೇಲಂನ ಒಂದು ಕಾಲೇಜಿನ ಜವಳಿ ವಿಭಾಗದಲ್ಲಿ ನಾರಾಯಣಮ್ಮನಿಗೆ ಮೂರು ವರ್ಷದಿಂದ ಒಂದೇ ಕೆಲಸ. ಉಪನ್ಯಾಸಕ ಸೆಲ್ವಕುಮಾರ್ ಬೋರ್ಡಿನ ಮುಂದೆ ನಿಂತು ನೇಯ್ಗೆಯ ಬಗ್ಗೆ ಮಾತಾಡುವುದು, ಈಕೆ ಮಗ್ಗದಲ್ಲಿ ಕೂತು ಅದನ್ನು ಮಾಡಿ ತೋರಿಸುವುದು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ 'ಹೆಲ್ಪರ್' ಎಂದಿತ್ತು. ಹದಿನಾರಕ್ಕೆ ಸೊಸೆಯಾಗಿ ಬಂದು ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟವಳು ಯಾರಿಗೆ ಹೆಲ್ಪರ್? ಮಗ್ಗಕ್ಕೋ, ಸೆಲ್ವಕುಮಾರರ ಬಾಯಿಗೋ? ಆಕೆ ಯಾರನ್ನೂ ಕೇಳಲಿಲ್ಲ. ಆದರೆ ಆ ಪದ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ದಿನವೂ ಒತ್ತುತ್ತಿತ್ತು.

ಅಷ್ಟರಲ್ಲಿ ಅದೇ ವಿಭಾಗದಲ್ಲಿ ನೇಯ್ಗೆ ಕಲಿಸುವ ಟೀಚರ್ ಹುದ್ದೆಗೆ ಅರ್ಜಿ ಕರೆದರು. ಸರ್ಟಿಫಿಕೇಟ್ ಇಲ್ಲದವರು ತಮ್ಮ ಅನುಭವವನ್ನು ಬರೆದು ತರಬೇಕಂತೆ. ನಾರಾಯಣಮ್ಮ ಓದಿದ್ದು ತಮಿಳು ಶಾಲೆಯ ಮೂರನೇ ಕ್ಲಾಸು. ಮನೆಮಾತು ಕನ್ನಡವಾದರೂ ಅದರ ಅಕ್ಷರ ಕಂಡದ್ದು ಬೆಂಗಳೂರು ಬಸ್ಸಿನ ಹಣೆಯ ಮೇಲೆ ಮಾತ್ರ.

"ನಾನ್ ಬರ್ಕೊಡ್ತೀನಿ ಬುಡಮ್ಮ," ಎಂದಳು ಮಗಳು ರೋಜಾ. ಧರ್ಮಪುರಿಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಳು.

"ನೀನ್ ಬರುದ್ರೆ ಕೆಲ್ಸಾನೂ ನಿಂಗೇ ಕೊಡ್ತಾರೆ, ಓಗ್ಲೇ!"

ಆ ಭಾನುವಾರ ಮನೆಯ ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಕಟ್ಟಿದ ಎಳೆ, ಮುಗಿದಿತ್ತು. ಮುಗಿದ ಹಾಸನ್ನು ಪೂರ್ತಿ ಬಿಚ್ಚಿ ತೆಗೆಯುವುದಿಲ್ಲ. ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಒಂದೊಂದಾಗಿ ಹೊಸೆದು ಸೇರಿಸಬೇಕು. ಹೀಗೆ ಸಾವಿರಾರು ಎಳೆ. ಇದನ್ನೇ ಕೆಚ್ಚುವುದು ಎನ್ನುತ್ತಾರೆ. ಕೆಚ್ಚಿದ ಜಾಗ ಬಟ್ಟೆಯಾದಾಗ ಗೇಣಗಲ ಉಬ್ಬುತಗ್ಗಾಗುತ್ತದೆ, ಎಲ್ಲರೂ ಅದನ್ನು ಕತ್ತರಿಸಿ ಬಿಸಾಡುತ್ತಾರೆ. ನಾರಾಯಣಮ್ಮನ ಅತ್ತೆ ಮಾತ್ರ ಎರಡು ಹಾಸು ಕೂಡಿದ ಜಾಗ ಕಸಕ್ಕೆ ಹೋಗಬಾರದೆಂದು ತುಂಡಿಗೆ ತುಂಡು ಹೊಲಿದಿಡುವುದನ್ನು ಸೊಸೆಗೆ ರೂಢಿ ಮಾಡಿಸಿದ್ದಳು. ಕಾಲೇಜು ಮಗ್ಗದ ತುಂಡುಗಳೂ ಸೇರಿ, ಟ್ರಂಕಿನಲ್ಲಿದ್ದ ಆ ಸುರುಳಿ ಈಗ ದಿಂಬಿಗಿಂತ ದಪ್ಪಗಾಗಿತ್ತು.

ತಾಯಿ ಕೆಚ್ಚುತ್ತಿದ್ದಳು, ಮಗಳು ಪಕ್ಕದಲ್ಲಿ ಓದುತ್ತಿದ್ದಳು. "ಅಮ್ಮಾ, ಕೇಳಿಲ್ಲಿ. ಬರ್ದಿರೋದುಕ್ಕೆ ಇಂಗ್ಲಿಷಲ್ಲಿ ಟೆಕ್ಸ್ಟ್ ಅಂತಾರೆ. ಜರ್ಮನ್ನೋರೂ ಅಂಗೇ ಅಂತಾರೆ. ಫ್ರಾನ್ಸ್‌ನೋರು ತೆಕ್ಸ್ತ್, ಸ್ಪೇನ್‌ನೋರು ತೆಕ್ಸ್ತೊ, ಇಟಲಿಯೋರು ತೆಸ್ತೊ. ಎಲ್ಲಾ ಅಳೇ ಲ್ಯಾಟಿನ್ ಮಾತಿಂದ ಬಂದಿದ್ದು. ಅದುಕ್ಕೆ ಅರ್ಥ ಏನ್ ಗೊತ್ತಾ? ನೇಯ್ದಿದ್ದು ಅಂತ!"

ನಾರಾಯಣಮ್ಮನ ಬೆರಳು ನಿಂತಿತು. "ಅಷ್ಟ್ ದೇಶದೋರೂ ಅಂಗಂತಾರಾ?"

"ಊಂ, ಡಿಕ್ಷನರೀಲೇ ಐತೆ."

"ಅಂಗಾದ್ರೆ ನಲವತ್ ವರ್ಸದಿಂದ ನಾನ್ ಬರೀತಾನೇ ಇವ್ನಿ ಕಣ್ಲೇ. ಎಳಿ ಆ ಟ್ರಂಕು!"

ಸಂದರ್ಶನದ ದಿನ ಉಳಿದವರು ಫೈಲು ಹಿಡಿದು ಬಂದರೆ ಈಕೆ ಸುರುಳಿ ಹೊತ್ತು ಬಂದಳು. ಮೇಜಿನಿಂದ ಬಾಗಿಲವರೆಗೆ ಬಿಡಿಸಿದರೂ ಅದು ಮುಗಿಯಲಿಲ್ಲ. ವಿಭಾಗದ ಮುಖ್ಯಸ್ಥೆ ಕಲೈವಾಣಿ ಕನ್ನಡಕ ಸರಿಮಾಡಿಕೊಂಡರು. ಸೆಲ್ವಕುಮಾರ್ ನಕ್ಕರು. ಮಾತೆಲ್ಲ ತಮಿಳಿನಲ್ಲಿ ನಡೆಯಿತು.

"ಏನಮ್ಮಾ ಇದು, ಬಿಸಾಡೋ ತುಂಡು ತಂದಿದ್ದೀರಾ? ಒಳ್ಳೇ ಸೀರೆ ತರಬಾರದಿತ್ತಾ?"

"ಒಳ್ಳೇದೆಲ್ಲ ಉಟ್ಟವರ ಮನೇಲಿದೆ ಸಾರ್. ನನ್ನ ಹತ್ತಿರ ಉಳಿದದ್ದು ಇದೇ. ನಾನು ಬರೆದದ್ದು ಇದು. ಎಲ್ಲಿ ಬೇಕಾದರೂ ಬೆರಳಿಡಿ, ಓದಿ ಹೇಳ್ತೀನಿ."

ಕಲೈವಾಣಿ ಒಂದು ಕಡೆ ಬೆರಳಿಟ್ಟರು. ನಾರಾಯಣಮ್ಮ ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿದಳು. "ಇದು ಮಗಳು ಹೊಟ್ಟೆಯಲ್ಲಿದ್ದಾಗಿನದು. ಬಗ್ಗೋಕೆ ಆಗ್ತಿರಲಿಲ್ಲ, ಹೊಕ್ಕಿನ ಅಡ್ಡ ಎಳೆ ಸಡಿಲ." ಇನ್ನೊಂದು ಕಡೆ ಇಟ್ಟರು. ಆಕೆಯ ಕೈ ಅಲ್ಲೇ ನಿಂತಿತು. "ಇದು ಯಜಮಾನರು ಕೆಚ್ಚಿದ್ದು. ಎಡಗೈಯವರು, ಹೊಸೆತ ತಿರುವುಮುರುವು. ಈ ಕಡೆ ಅರ್ಧ ನನ್ನದು. ಅವರು ಮುಗಿಸೋಕೆ ಆಗಲಿಲ್ಲ." ಹೆಬ್ಬೆರಳನ್ನು ಆ ತುಂಡಿನ ಕೊನೆವರೆಗೂ ಆಡಿಸಿಯೇ ತೆಗೆದಳು.

"ಇದೆಲ್ಲ ನಿಜ ಅಂತ ನಾವು ಹೇಗೆ ತಿಳಿಯೋದು?" ಎಂದರು ಸೆಲ್ವಕುಮಾರ್. ಎದ್ದುಬಂದು ಸುರುಳಿಯ ಕೊನೆಯ ತುಂಡನ್ನು ತಾವೇ ಆಕೆಯ ಕೈಗಿಟ್ಟರು. "ಇದನ್ನು ಹೇಳಿ ನೋಡೋಣ."

ಹೆಬ್ಬೆರಳು ಒಂದು ಸಲ ಹೋಗಿ ಒಂದು ಸಲ ಬಂತು. "ಇದು ನಮ್ಮ ಕಾಲೇಜು ಮಗ್ಗದ್ದು. ಅಂಚಿನ ಮೂವತ್ತು ಎಳೆ ನನ್ನದಲ್ಲ. ಬೂದಿ ಮುಟ್ಟದ ಕೈ, ಹೊಸೆತ ನಿಂತಿಲ್ಲ. ಇಲ್ಲಿ ಮೂರು ಎಳೆ ಒಂದರ ಮೇಲೊಂದು ಹತ್ತಿವೆ." ಕಣ್ಣು ತೆರೆದು ಮೆಲ್ಲಗೆ ಹೇಳಿದಳು, "ಪೊಂಗಲ್ ರಜೆಗೆ ಮುಂಚೆ ಹುಡುಗರಿಗೆ ತೋರಿಸೋಕೆ ನೀವು ಕೆಚ್ಚಿದ್ದು ಸಾರ್."

ಸೆಲ್ವಕುಮಾರ್ ಕಿವಿವರೆಗೂ ಕೆಂಪಾದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವರನ್ನು ಅದಕ್ಕಾದರೂ ಮೆಚ್ಚಬೇಕು. "ಹೌದು ಮೇಡಂ, ನಾನೇ," ಎಂದರು. ಕಲೈವಾಣಿ ಹೊಟ್ಟೆ ತುಂಬ ನಕ್ಕು, ಅರ್ಜಿಯಲ್ಲಿ 'ಬರಹ ಲಗತ್ತಿಸಿದೆಯೇ' ಎಂಬಲ್ಲಿ ತಾವೇ ಟಿಕ್ ಹಾಕಿದರು.

ಜೂನ್ ತಿಂಗಳ ಮೊದಲ ತರಗತಿಯಲ್ಲಿ ನಾರಾಯಣಮ್ಮ ಬೋರ್ಡಿನಲ್ಲಿ ಏನೂ ಬರೆಯಲಿಲ್ಲ. ರೋಜಾ ಹೇಳಿದ ಐದು ದೇಶದ ಪದಗಳನ್ನು ತಪ್ಪಿಲ್ಲದೆ ಒಪ್ಪಿಸಿ, "ಈಗ ಬರೆಯೋಣ ಬನ್ನಿ," ಎಂದು ಮಕ್ಕಳನ್ನು ಮಗ್ಗದ ಸುತ್ತ ಕೂರಿಸಿದಳು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಮುಂದೆ ಬಂದರು. ಸೆಲ್ವಕುಮಾರ್. ಬೂದಿ ಬಟ್ಟಲಿಗೆ ಎರಡು ಬೆರಳು ಅದ್ದಿಕೊಂಡು ಕೈ ಮುಂದೆ ಚಾಚಿದರು.

"ಟೀಚರ್, ಮೊದಲನೇ ಎಳೆ ಹೇಗೆ ಹಿಡೀಬೇಕು?"