ಅಕ್ಕೋರ ಕೊನೆಯ ಅಧ್ಯಾಯ

ನಮ್ಮ ಪ್ರಕಾಶನವೆಂದರೆ ಧಾರವಾಡದ ನಮ್ಮ ಮನೆಯ ಪಡಸಾಲೆ, ನಾನು, ಮತ್ತು ಹುಬ್ಬಳ್ಳಿಯ ಗಬ್ಬೂರ ಕಡೆ ಇದ್ದ, ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವವರೊಬ್ಬರು. ಅವರ ಕಂಪ್ಯೂಟರ್ ಹಳೆಯದು, ತಂತ್ರಾಂಶ ಅದಕ್ಕಿಂತ ಹಳೆಯದು. ಅದರಲ್ಲಿ ಕಟ್ಟಿದ ಪುಸ್ತಕವನ್ನು ಬೇರೆ ಯಂತ್ರದಲ್ಲಿ ತೆರೆದರೆ ಬರೀ ಕಾಗೆ ಕಾಲು ಗುಬ್ಬಿ ಕಾಲು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಮುಕ್ತ ತಂತ್ರಾಂಶಕ್ಕೆ ಹೋಗೋಣ ಎಂದು ನಾನು ಅವರ ತಲೆ ತಿನ್ನುತ್ತಲೇ ಇದ್ದೆ. ಕಡೆಗೆ ಒಪ್ಪಿದರು.

ಆಗ ಕೈಯಲ್ಲಿದ್ದದ್ದು ನಿವೃತ್ತ ಶಿಕ್ಷಕಿಯೊಬ್ಬರ ಆತ್ಮಕಥೆ. ಎಲ್ಲರಿಗೂ ಅವರು ಅಕ್ಕೋರು, ನನಗೂ ಅಷ್ಟೇ. ತಾಯಿ ಕಸ ಗುಡಿಸುತ್ತಿದ್ದ ಶಾಲೆಯಲ್ಲೇ ಓದಿ, ಅಲ್ಲೇ ಪಾಠ ಹೇಳಿದವರು. ಬರೆದುಕೊಟ್ಟ ಕೊನೆಯ ಅಧ್ಯಾಯದಲ್ಲಿ ಗುರುಗಳಿಗೆಲ್ಲ ಕೈಮುಗಿದಿದ್ದರು. ಸಭೆಯ ವಂದನಾರ್ಪಣೆ ಇದ್ದಂಗ ಐತ್ರಿ ಎಂದು ನಾನು ಕಾಡಿಸಿದ್ದೆ.

ನಮ್ಮಲ್ಲಿ ಒಂದು ರೂಢಿಯಿದೆ. ಲೇಖಕರು ಬಸ್ಸು ಹಿಡಿದು ಬಂದು, ಪುಟ ಕಟ್ಟುವವರ ಪಕ್ಕ ಕುರ್ಚಿ ಎಳೆದುಕೊಂಡು, ಚಹಾ ಕುಡಿಯುತ್ತ ತಿದ್ದುಪಡಿಗಳನ್ನು ಬಾಯಲ್ಲೇ ಹೇಳುತ್ತಾರೆ. ಇವರು ಕೇಳುತ್ತ ಕಟ್ಟಿದ ಪುಟದಲ್ಲೇ ತಿದ್ದುತ್ತಾರೆ. ಮೊದಲು ಟೈಪು ಮಾಡಿದ ಕಡತವನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಅಕ್ಕೋರೂ ಹಾಗೇ ಬಂದು ಕೂತರು, ನಾನೂ ಜೊತೆಗಿದ್ದೆ. ಕೊನೆಯ ಅಧ್ಯಾಯಕ್ಕೆ ಬಂದಾಗ ಚಹಾದ ಕಪ್ಪು ಕೆಳಗಿಟ್ಟು, "ಇದೆಲ್ಲಾ ತಗೀರಿ. ಖರೇ ಹೇಳ್ತೇನಿ, ಬರಕೋರಿ" ಅಂದರು.

ಹೇಳಿದರು. ಪಾಠ ಕೇಳಲು ಗುರುಗಳು ತಮ್ಮನ್ನು ಕೂರಿಸುತ್ತಿದ್ದ ಹೊಸ್ತಿಲಾಚೆಯ ಜಾಗ, ಬೊಗಸೆಗೆ ಮೇಲಿನಿಂದ ಹುಯ್ಯುತ್ತಿದ್ದ ನೀರು, ಮುಂದೆ ಅದೇ ಗುರುಗಳ ಬೀಳ್ಕೊಡುಗೆಯಲ್ಲಿ ಹಾರ ಹಾಕಿ ತಾವೇ ಹೊಗಳಿ ಭಾಷಣ ಮಾಡಿದ್ದು. ದನಿ ಏರಲೇ ಇಲ್ಲ. ಮುಗಿದ ಮೇಲೆ "ಈಗ ಹಗುರಾತು ನೋಡ್ರಿ" ಅಂದರು.

ಮುಂದಿನ ವಾರ ಅದೇ ಯಂತ್ರಕ್ಕೆ ಮುಕ್ತ ತಂತ್ರಾಂಶದ ಹೊಸ ವ್ಯವಸ್ಥೆ ಹಾಕಲು ಕೂತೆವು. "ಮ್ಯಾಟರ್ ಎಲ್ಲಾ ಪೆನ್‌ಡ್ರೈವಿಗೆ ತಗೊಂಡೇನ್ರಿ, ಹಳೇದು ಅಳಸ್ಲೇನ್ರಿ?" ಎಂದು ಪುಟ ಕಟ್ಟುವವರು ಕೇಳಿದರು. ನಾನು ಹೂಂ ಅಂದೆ. ನೋಡಲೆಂದೇ ಬಂದಿದ್ದ ಅಕ್ಕೋರೂ "ಅಳಸ್ರಿ, ಹೊಸಾದು ಹೆಂಗೈತಿ ನೋಡೂಣು" ಎಂದು ನಕ್ಕರು. ಮ್ಯಾಟರ್ ಅಂದರೆ ಆ ಮೊದಲ ಕಡತ. ಕಟ್ಟಿದ ಪುಟವಾಗಲಿ, ಅಲ್ಲಿ ಮಾಡಿದ ತಿದ್ದುಪಡಿಯಾಗಲಿ ಅದರಲ್ಲಿರುವುದಿಲ್ಲ. ಇದೇ ಕೆಲಸದಲ್ಲಿ ತಲೆ ನರೆತ ನಮಗೆ ಅದು ಹೊಳೆಯಲಿಲ್ಲ.

ಹೊಸ ತಂತ್ರಾಂಶದ ತಪ್ಪೇನಿಲ್ಲ, ಕೊಟ್ಟದ್ದನ್ನು ಚೊಕ್ಕವಾಗಿ ಕಟ್ಟಿತು. ಕೊನೆಗೆ ಬಂದು ನೋಡಿದರೆ ಆ ಹಳೆಯ ವಂದನಾರ್ಪಣೆ ಮತ್ತೆ ಬಂದು ಕೂತಿತ್ತು; ಅಕ್ಕೋರು ಹೇಳಿ ಬರೆಸಿದ್ದು ಇರಲಿಲ್ಲ. ಅಳಿಸಿದ್ದನ್ನು ವಾಪಸು ತೆಗೆದುಕೊಡುತ್ತೇವೆ ಎನ್ನುವವರ ಹತ್ತಿರವೆಲ್ಲ ಹುಬ್ಬಳ್ಳಿಯಲ್ಲಿ ಅಲೆದೆವು. ಏನೂ ಸಿಗಲಿಲ್ಲ.

ಇನ್ನೊಮ್ಮೆ ಹೇಳಿಸಿಕೊಂಡರಾಯಿತು ಎಂದು ಫೋನು ಮಾಡಿದರೆ ಅವರ ಮಗಳು ಎತ್ತಿದಳು. ಅಕ್ಕೋರಿಗೆ ಲಕ್ವಾ ಹೊಡೆದಿತ್ತು. ಸತ್ತೂರಿನ ಆಸ್ಪತ್ರೆಯಲ್ಲಿದ್ದರು, ಬಲಗೈ ಹೋಗಿತ್ತು, ಮಾತೂ ಹೋಗಿತ್ತು.

ನೆನಪಿದ್ದಷ್ಟನ್ನು ನಾನೇ ಬರೆದು ನೋಡಿದೆ. ಅದು ನನ್ನ ಸಿಟ್ಟಾಯಿತು; ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಹರಿದು ಹಾಕಿದೆ.

ಅವರು ಮನೆಗೆ ಬಂದ ಮೇಲೆ ಕರಡು ಹಿಡಿದು ಹೋದೆ. ಮಗಳು ತಿರುವಿ ನೋಡಿ, "ಛಲೋ ಬಂದೈತ್ರಿ. ಲಗೂ ಪ್ರಿಂಟ್ ಮಾಡಸ್ರಿ, ಅವ್ವಗ ಖುಷಿ ಆಗತೈತಿ" ಅಂದಳು. ಅಕ್ಕೋರು ಎಡಗೈಯಿಂದ ಹಾಳೆ ಸರಿಸುತ್ತ ಕೊನೆಯ ಅಧ್ಯಾಯಕ್ಕೆ ಬಂದರು. ಓದಿದರು. ಅಂಗೈಯನ್ನು ಅದರ ಮೇಲೆ ಊರಿ ನನ್ನನ್ನು ನೋಡಿದರು.

"ಇದು ಬ್ಯಾಡೇನ್ರಿ, ಅಕ್ಕೋರ?"

ಬೇಡವೆಂದು ತಲೆಯಾಡಿಸಿದರು.

"ಆವತ್ತು ಹೇಳಿದ್ದು ಹೋಗಿಬಿಟ್ಟೈತ್ರಿ" ಅಂದೆ.

ಅವರು ಬಾಯಿ ತೆರೆದರು. ಒಂದು ಸದ್ದು ಬಂತು. ಮತ್ತೆ ಅದೇ ಸದ್ದು, ಮತ್ತೆ ಅದೇ. ಹಣೆ ಬೆವರಿತು. ಮಗಳು "ಅವ್ವಾ ದಣದಾಳ್ರಿ" ಎಂದು ಹಾಳೆಗಳನ್ನು ಎತ್ತಿಟ್ಟಳು.

"ತಿಳೀತ್ರಿ, ಅಕ್ಕೋರ" ಅಂದೆ. ನನಗೆ ಏನೂ ತಿಳಿದಿರಲಿಲ್ಲ. ಅದು ಅವರಿಗೂ ಗೊತ್ತಾಯಿತು. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು.